ಸಟವಿಗೆ ಇಟ್ಟ ಹಾಳೆ

ಎಂಬತ್ತೆಂಟು, ತೊಂಬತ್ತೊಂದು, ಮತ್ತೆ ಎಂಬತ್ತೇಳು — ಕೂಸಿನ ಆಮ್ಲಜನಕ ತೋರಿಸುವ ಆ ಹಸಿರು ಅಂಕಿ ಒಂದು ಕಡೆ ನಿಲ್ಲಬಾರದೇ, ನೋಡಿ ನೋಡಿ ಮಾಧುರಿಯ ಕಣ್ಣು ಸೋತಿವೆ, ಆರು ದಿನದ ಕೂಸು, ಅಂಗೈಯಗಲದ ಎದೆ, ಹೃದಯದ ಎರಡು ನಾಳ ಅದಲುಬದಲು, ಇವತ್ತು ಒಂಬತ್ತು ಗಂಟೆಗೆ ಕೊಯ್ದು ಸರಿಮಾಡದಿದ್ದರೆ ಉಳಿಯುವುದಿಲ್ಲ, ಕೊಯ್ದರೂ ಕೆಲವು ಕೂಸು ಉಳಿಯುವುದಿಲ್ಲ, ಸಿಡ್ನಿಯ ಇಷ್ಟು ದೊಡ್ಡ ಆಸ್ಪತ್ರೆಗೆ ಇವಳದೊಂದು ಸಹಿ ಬೇಕಂತೆ, ಆ ಒಪ್ಪಿಗೆಯ ಫಾರ್ಮ್ ಎಲ್ಲಿ — ಅಯ್ಯೋ ಶಿವನೇ, ತೊಟ್ಟಿಲ ಕೆಳಗೆ, ಪೆನ್ನಿನ ಜೊತೆ, ಗಂಡ ವಿರುಪಾಕ್ಷನ ಕೆಲಸ! ನಿನ್ನೆ ಐದನೆಯ ದಿನ, ಧಾರವಾಡದಿಂದ ಅತ್ತೆ ವಿಡಿಯೋದಲ್ಲಿ, ಖಾಲಿ ಹಾಳಿ ಇಡ್ರವಾ, ಬಾಜೂಕ ಪೆನ್ನು ಇಡ್ರಿ, ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರದು ಹೋಗ್ತಾಳ, ಮೆಲ್ಬರ್ನ್ ಫ್ಲೈಟ್ ಇಳಿದು ಓಡಿಬಂದ ಗಂಡ ಕೈಗೆ ಸಿಕ್ಕಿದ್ದನ್ನೇ ಇಟ್ಟಿದ್ದಾನೆ, ಬ್ಯಾರೆ ಹಾಳಿ ಸಿಗಲಿಲ್ಲ ಮಾಧು, ಇದರಾಗೂ ಕೆಳಗ ಜಾಗಾ ಖಾಲಿ ಐತಲ್ಲ, ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ, ಸಹಿ ನೀನss ಮಾಡು, ಹಣ್ಯಾಗ ಬರದಂಗ ಆಗ್ತೈತಿ ಎಂದು ಕಾಫಿಯ ನೆಪದಲ್ಲಿ ಹೊರಗೆ ಹೋದ, ಬರೆದಂತೆಯೇ ಆಗುವುದಾದರೆ ಇವಳಿಗೂ ಸುಖ, ಕೂಸು ಹೋದರೆ ಸಟವಿಯನ್ನು ಬೈಯಬಹುದು, ಸಹಿ ಮಾಡಿದರೆ ಬೈಯಲು ಉಳಿಯುವುದು ತನ್ನ ಕೈಯೊಂದೇ.

ಪಕ್ಕದ ತೊಟ್ಟಿಲಿನ ತಾಯಿ ವೆನ್‌ಹುವಾ, ಯೂನಿವರ್ಸಿಟಿಯಲ್ಲಿ ಚೀನೀ ತತ್ತ್ವಶಾಸ್ತ್ರ ಕಲಿಸುವವಳು, ನಿನ್ನೆ ಎದೆಹಾಲು ಹಿಂಡುವ ಕೋಣೆಯಲ್ಲಿ ಸಟವಿಯ ಕಥೆ ಕೇಳಿ ನಗಲಿಲ್ಲ, ಹಣೆಬರಹಕ್ಕೆ ನಮ್ಮಲ್ಲಿ ಮಿಂಗ್ ಅಂತೀವಿ, ಮಗುವಿನ ಹೃದಯ ಹೀಗಿರೋದು ಮಿಂಗ್, ಅದು ನಿನ್ನ ಕೈಲಿರಲಿಲ್ಲ, ಆದರೆ ಆಕಾಶ ರಾಜನಿಗೆ ರಾಜ್ಯ ಒಪ್ಪಿಸುತ್ತಲ್ಲ, ಆ ಅಪ್ಪಣೆಯೂ ಮಿಂಗೇ, ನೋಡಿಕೊಳ್ಳದಿದ್ರೆ ಕಿತ್ಕೊಳ್ಳುತ್ತೆ — ರಾಜ್ಯವಂತೆ, ಹೆರಿಗೆಯ ಹೊಲಿಗೆಯ ನೋವಿಗೆ ನೆಟ್ಟಗೆ ನಿಲ್ಲಲಾಗದವಳಿಗೆ ಎಂಥಾ ರಾಜ್ಯವೋ, ಸಾಕಾಗಿದೆ, ಯಾರಾದರೂ ಬಂದು ಇದನ್ನೆಲ್ಲ ಇಳಿಸಿಕೊಳ್ಳಲಿ, ಬಗ್ಗಿ ಹಾಳೆ ಎಳೆದಳು, ಸಟವಿ ಏನೂ ಬರೆದಿರಲಿಲ್ಲ, ಬರೆದಿರುತ್ತಾಳೆಂದು ತಾನೂ ಒಳಗೊಳಗೇ ಕಾದಿದ್ದು ಈಗ ಗೊತ್ತಾಗಿ ನಾಚಿಕೆಯಾಯಿತು, ಅಳುವೂ ಬಂತು, ಬಾಗಿಲಲ್ಲಿ ನರ್ಸ್, ನೋ ರಶ್ ಡಾರ್ಲ್, ಬಟ್ ದೇ ಆರ್ ರೆಡಿ, ಹೆಸರಿಡುವುದು ಹನ್ನೆರಡನೆಯ ದಿನಕ್ಕಲ್ಲವೇ, ಅದಕ್ಕೇ ರೋಗಿಯ ಹೆಸರಿನ ಜಾಗದಲ್ಲಿ ಆಸ್ಪತ್ರೆಯವರೇ ಅಚ್ಚು ಹಾಕಿದ್ದಾರೆ, ಬೇಬಿ ಆಫ್ ಮಾಧುರಿ, ಅಪ್ಪನ ಹೆಸರಿಲ್ಲ, ದೇವರದೂ ಇಲ್ಲ, ಹಾಳೆಯ ತುಂಬ ಇರುವುದು ಇವಳೊಬ್ಬಳೇ — ಸಹಿ ಮಾಡಿದಳು, ಕೂಸನ್ನು ಒಯ್ದರು, ವೈರುಗಳನ್ನು ಒಯ್ದರು, ಖಾಲಿ ತೊಟ್ಟಿಲಿಗೆ ಅಂಟಿಸಿದ ಚೀಟಿ ಉಳಿದಿದೆ, ಬೇಬಿ ಆಫ್ ಮಾಧುರಿ, ಅವಳು ಅದನ್ನೇ ಓದುತ್ತಿದ್ದಾಳೆ, ಬೇಬಿ ಆಫ್ ಮಾಧುರಿ, ಬೇಬಿ ಆಫ್ ಮಾಧುರಿ