ಗಂಟು ಹಾಕಿದ ಬಟ್ಟೆ

"ಮೂಟೆ ಅಲ್ಲೇ ಇಳಿಸ್ರೀ. ಒಳಗೆ ತರಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ಗಬ್ಬು ವಾಸನೆ."

ಹೀಗೆಂದವನು ವಿಶ್ರುತ್, ಲಕ್ಷ್ಮೀಪುರಂನ 'ಮರುನೂಲು' ಬಟ್ಟೆ ಕಂಪನಿಯ ಮ್ಯಾನೇಜರು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಮೂಟೆ ಇನ್ನೂ ನನ್ನ ತಲೆಯ ಮೇಲೇ ಇತ್ತು.

"ಸ್ವಾಮಿ, ಈ ವಾಸ್ನೆ ನಂದಲ್ಲ, ನಿಮ್ ಬೀದೀದೇಯ. ಮೇಲಿರೋ ಪಂಚೆ ಎದುರುಮನೆಯೋರ್ದು, ಅದರ ಕೆಳಗಿನ ನೈಟಿ ಹಿಂದ್ಗಡೆ ಮನೇದು."

"ಅಧಿಕಪ್ರಸಂಗ ಬೇಡ. ಕೈ ಚಾಚಿ. ಬಾಟ್ಲಿ ಮುಟ್ಟಬೇಡಿ, ನಾನೇ ಹಾಕ್ತೀನಿ."

ಸ್ಯಾನಿಟೈಸರನ್ನು ಒಂದು ಗೇಣು ಮೇಲಿಂದ ಸುರಿದ. ಇದೇ ಬೀದಿಯಲ್ಲಿ ನಮ್ಮಪ್ಪನ ಬೊಗಸೆಗೆ ಕುಡಿಯುವ ನೀರನ್ನೂ ಹೀಗೆಯೇ ಮೇಲಿಂದ ಸುರಿಯುತ್ತಿದ್ದರು. ಇದಕ್ಕೆ ಗುಲಾಬಿಯ ಪರಿಮಳವಿದೆ. ಕಾಲ ಸುಧಾರಿಸಿಲ್ಲ ಎನ್ನುವವರ ಬಾಯಿಗೆ ಮಣ್ಣು ಹಾಕ.

ನಾನು ಮಹದೇವಯ್ಯ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನು. ನನ್ನ ಕೂಗಿಗೆ ಬಾಗಿಲು ತೆರೆಯದ ಬೀರು ಮೈಸೂರಿನಲ್ಲಿಲ್ಲ. ಚಾಮುಂಡಿ ಬೆಟ್ಟದ ಮೇಲೆ ನಿಂತು ಗಾಳಿ ಮೂಸಿದರೆ ಸಾಕು, ಅಗ್ರಹಾರದಲ್ಲಿ ಯಾರ ಮನೆಯ ನುಸಿಗುಳಿಗೆ ಮುಗಿದಿದೆ ಎಂದು ಹೇಳುತ್ತೇನೆ. ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಲಕ್ಷ ಅಂಗಿಗಳ ರಾಶಿಯಲ್ಲಿ ಕೂರಿಸಿ, ಕೈಯಾಡಿಸಿಯೇ ಹೇಳುತ್ತೇನೆ: ಇದು ಮೇಷ್ಟರದು, ಇದು ಕುಡುಕನದು, ಇದನ್ನು ತೊಟ್ಟವಳು ಬಹಳ ಅತ್ತಿದ್ದಾಳೆ. ಒಂದು ಹರಿದ ಲಂಗಕ್ಕೆ ಇಡ್ಲಿ ಪಾತ್ರೆ ಕೇಳಿದ ಮಹಾತಾಯಿಯನ್ನು ಒಂದು ಚಮಚಕ್ಕೆ ಒಪ್ಪಿಸಿ, ಜೊತೆಗೆ ಕಾಫಿಯನ್ನೂ ಕುಡಿದು ಬಂದವನು ನಾನು. ಕಾಫಿ ಕಾಗದದ ಲೋಟದಲ್ಲಿತ್ತು, ಅದಿರಲಿ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಸತ್ತವರ ಬಟ್ಟೆಗೆ ನಾವು ಪಾತ್ರೆ ಕೊಡುವುದಿಲ್ಲ, ಮನೆಯವರು ಕೇಳುವುದೂ ಇಲ್ಲ. ತಲೆಬಾಗಿಲಲ್ಲಿ ಮಾತಿಲ್ಲದೆ ಇಡುತ್ತಾರೆ, ನಾವು ಮಾತಿಲ್ಲದೆ ಎತ್ತಿಕೊಳ್ಳುತ್ತೇವೆ. ಅಂಚಿಗೆ ಒಂದು ಗಂಟು ಹಾಕುತ್ತೇವೆ. ಗಂಟು ಬಿದ್ದ ಬಟ್ಟೆ ಮತ್ತೆ ಯಾರ ಮೈಮೇಲೂ ಏರಬಾರದು. ಹಾಸಿಗೆಯ ಹೊಟ್ಟೆಗೋ ದಿಂಬಿನ ಹೊಟ್ಟೆಗೋ ಹೋಗಬೇಕು. ಅಗ್ರಹಾರದ ಗಿರಿಜಾಂಬಾ ತಮ್ಮ ಯಜಮಾನರ ಅಂಗಿಗಳನ್ನು ಕೊಡುವಾಗ, "ಬೀದೀಲಿ ನಂಗೆ ಎದುರಾಗದ ಹಾಗೆ ನೋಡ್ಕೋಪ್ಪ" ಎಂದಿದ್ದರು. ಅಷ್ಟೇ ಅದರ ಅರ್ಥ.

ನನ್ನ ಮಗಳು ಸುಚಿತ್ರಾಳ ಬಟ್ಟೆಗಳಿಗೂ ಗಂಟು ಬಿತ್ತು. ಹತ್ತೊಂಬತ್ತು ವರ್ಷ. ಹನ್ನೊಂದು ದಿನದ ಜ್ವರ. ನನ್ನ ಹೆಂಡತಿ ಚೆಲುವಮ್ಮ ಅವನ್ನು ಹಾಸಿಗೆಗೆ ತುಂಬಲಿಲ್ಲ. ಬೋಗಾದಿಯ ನಮ್ಮ ಶೀಟಿನ ಮನೆಯಲ್ಲಿ, ಮೂಟೆಗಳ ಪಕ್ಕದ ಅಟ್ಟದ ಮೇಲೆ ಒಂದು ಹಳೇ ಟವೆಲಿನಲ್ಲಿ ಸುತ್ತಿಟ್ಟಳು. "ವರ್ಸುದ್ ಎಡೆಗೆ ಅವಳ ನೀಲಿ ಟಾಪು ಮುಂದಿಡ್ಬೇಕು. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ" ಎಂದಳು.

'ಮರುನೂಲು' ಒಡತಿ ಮಾಲವಿಕಾ. ಹಳೇ ಬಟ್ಟೆ ಕತ್ತರಿಸಿ ಹೊಸ ಜಾಕೆಟ್ ಹೊಲಿಸಿ ಹೊರದೇಶಕ್ಕೆ ಕಳಿಸುತ್ತಾರೆ. "ಇದು ಸರ್ಕ್ಯುಲರ್ ಫ್ಯಾಷನ್, ಮಹದೇವಯ್ಯ. ಬಟ್ಟೆಗೆ ಸಾವೇ ಇಲ್ಲ, ಸುತ್ತುತ್ತಾ ಇರುತ್ತೆ" ಎಂದು ನನಗೆ ತಿಳಿಸಿಕೊಟ್ಟರು. ನಮ್ಮ ತಾತ ಅದನ್ನು ತಲೆಯ ಮೇಲೆ ಹೊತ್ತು ಎಪ್ಪತ್ತು ವರ್ಷ ಸುತ್ತಿದ. ಪಾಪ, ಅದಕ್ಕೆ ಹೆಸರಿದೆಯೆಂದು ಯಾರೂ ಅವನಿಗೆ ಹೇಳಲಿಲ್ಲ.

ಒಂದು ದಿನ ನನ್ನ ಮೂಟೆಯಲ್ಲಿ ಗಂಟಿನ ಅಂಗಿಯೊಂದು ತಪ್ಪಿ ಸೇರಿಕೊಂಡಿತ್ತು. ಮಾಲವಿಕಾ ಅದನ್ನು ಬೆಳಕಿಗೆ ಹಿಡಿದರು.

"ಇದೇನಿದು? ಎಷ್ಟು ಚೆನ್ನಾಗಿದೆ. ಈ ಗಂಟು ಯಾರು ಹಾಕಿದ್ದು?"

ಸತ್ತವನದು, ಕೊಡಿ ಇತ್ತ ಎನ್ನಬೇಕಿತ್ತು. ನಾಲಿಗೆ ನನ್ನದಲ್ಲವೇ.

"ಅದಾ ತಾಯಿ, ನಮ್ ವಂಶದ ಮುದ್ರೆ. ಮಹಾರಾಜರ ಕಾಲದಿಂದ ಬಂದದ್ದು. ಅಪರೂಪದ ಬಟ್ಟೆಗೆ ಮಾತ್ರ ಆಕ್ತೀವಿ."

"ಇಂಥವು ಎಷ್ಟು ಸಿಗುತ್ತೆ?"

"ಎಷ್ಟ್ ಬೇಕು ಯೋಳಿ. ಶನಿವಾರಕ್ಕೆ ಒಂದ್ ವ್ಯಾನ್ ತುಂಬ ತಂದಾಕ್ತೀನಿ."

ತಂದೂ ಹಾಕಿದೆ. ಮೂರು ದಿನ ಕೂತು ಬದುಕಿದವರ ಬಟ್ಟೆಗೆಲ್ಲ ಗಂಟು ಹಾಕಿದೆ. ವಕೀಲರ ಪ್ಯಾಂಟು, ಹಾಸ್ಟೆಲ್ ಹುಡುಗರ ಬನಿಯನ್ನು, ಬಾಣಂತಿಯ ಸೀರೆ. ಇಡೀ ಮೈಸೂರನ್ನು ಒಂದೇ ವಾರದಲ್ಲಿ ಸಾಯಿಸಿದ ಯಮ ನಾನೊಬ್ಬನೇ ಇರಬೇಕು. ನಗುತ್ತಲೇ ಹಾಕಿದೆ. ಚೆಲುವಮ್ಮ ಕೆಲಸದ ಮನೆಗೆ ಹೋಗಿದ್ದಳು. ವ್ಯಾನು ಬಂದು ಹಾರನ್ ಹೊಡೆಯಿತು. ಗಂಟು ಕೈಗೆ ತಾಗಿದ್ದನ್ನೆಲ್ಲ ಬಾಚಿ ಎಸೆದೆ. ಅಟ್ಟದ ಟವೆಲು ಯಾವಾಗ ಬಿಚ್ಚಿತೋ, ಅದರೊಳಗಿನದು ಯಾವಾಗ ಕೆಳಗೆ ಬಿತ್ತೋ ತಿಳಿಯಲಿಲ್ಲ. ಕತ್ತಲಲ್ಲೂ ಊರಿನ ಬೆವರು ಗುರುತಿಸುವ ಈ ಕೈ, ಮಗಳ ಬಟ್ಟೆಯನ್ನು ಎತ್ತಿ ವ್ಯಾನಿಗೆ ಹಾಕಿತು.

ಟವೆಲು ಖಾಲಿ ಎಂದು ತಿಳಿದದ್ದು ಎರಡು ದಿನದ ಮೇಲೆ. ಓಡಿದೆ. "ಕಟಿಂಗ್‌ಗೆ ಹೋಗಾಯ್ತು. ದಿನಾ ಸಾವಿರ ಪೀಸ್ ಬರುತ್ತೆ, ನಿಮ್ಮದು ಅಂತ ಎಲ್ಲಿ ಹುಡುಕ್ಲಿ?" ಎಂದು ವಿಶ್ರುತ್ ಗೇಟು ಹಾಕಿಕೊಂಡ. ಮನೆಗೆ ಬಂದು ಒಂದು ಹಳೇ ಚಾದರ ಹುಡುಕಿ ಅದೇ ಟವೆಲಿನಲ್ಲಿ ಸುತ್ತಿ ಅಟ್ಟಕ್ಕಿಟ್ಟೆ. ವರ್ಷದ ಎಡೆಗೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳಿಡೀ ನಾನು ಬಿಟ್ಟ ಬುರುಡೆಗೆ ಲೆಕ್ಕವಿಲ್ಲ. ಸುಮ್ಮನಾದರೆ ಚೆಲುವಮ್ಮನಿಗೆ ಗೊತ್ತಾಗುತ್ತಿತ್ತು.

ಎಡೆಗೆ ನಾಲ್ಕು ದಿನ ಇದೆ ಎನ್ನುವಾಗ ಕಂಪನಿಯವರು ತಮ್ಮ ಬಂಗಲೆಯ ತೋಟದಲ್ಲಿ ಒಂದು ಪ್ರದರ್ಶನ ಇಟ್ಟರು. ಗಂಟಿನ ಮುದ್ರೆಯ ವಂಶದವಳೆಂದು ಚೆಲುವಮ್ಮನೂ ಬರಬೇಕಂತೆ. ಅವಳಿಗೊಂದು ಕೈಮಗ್ಗದ ಸೀರೆ ಉಡಿಸಿದರು. ಸಂಜೆ ಬಿಚ್ಚಿ ವಾಪಸು ಕೊಡಬೇಕು. ಚಾಪೆಯ ಮೇಲೆ ಸೂಜಿ ಕತ್ತರಿ ಕೊಟ್ಟು ಕೂರಿಸಿದರು. ಹಿಂದೆ ಅವಳದೇ ಆಳೆತ್ತರದ ಫೋಟೊ, ಕೆಳಗೆ 'ನಮ್ಮ ಕಲಾವಿದೆ'.

"ಸುಮ್ನೆ ಹೊಲೀತಾ ಇರಿ. ಮಾತಾಡ್ಬೇಡಿ. ನೀರು ಬೇಕಾದ್ರೆ ಹಿಂದ್ಗಡೆ ನಲ್ಲಿ ಇದೆ" ಎಂದ ವಿಶ್ರುತ್.

ಚೆಲುವಮ್ಮ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಹುಡುಗಿಯರು ಒಬ್ಬೊಬ್ಬರೇ ಮರದ ಹಲಗೆಯ ದಾರಿಯಲ್ಲಿ ನಡೆದು ಬಂದರು. ಮೂರನೆಯವಳು ಅನನ್ಯ ಅಂತೆ, ಕಾಲೇಜು ಹುಡುಗಿ. ನೀಲಿ ಜಾಕೆಟ್. ನೀಲಿಯ ಮೇಲೆ ಸಣ್ಣ ಬಿಳಿ ಹೂವು.

ಸೂಜಿ ನಿಂತಿತು.

ಆ ಬೆನ್ನಿನ ಕೆಳಗೆ ಒಂದು ತೇಪೆ ಇತ್ತು. ಸುಚಿ ಸೈಕಲ್ ಚೈನಿಗೆ ಸಿಕ್ಕಿಸಿಕೊಂಡು ಬಂದಾಗ ನೀಲಿ ದಾರ ಮುಗಿದಿತ್ತೆಂದು ಚೆಲುವಮ್ಮ ಹಸಿರು ದಾರದಲ್ಲಿ ಹಾಕಿದ್ದು. ತಿಂಗಳಿಡೀ "ಗಿಳಿ ಕೂತದೆ ನನ್ ಬೆನ್ ಮ್ಯಾಲೆ" ಎಂದು ಮಗಳು ಅಣಕಿಸಿದ್ದಳು.

ಚೆಲುವಮ್ಮ ನನ್ನ ಕಡೆ ತಿರುಗಿದಳು.

"ಯಾರಯ್ಯಾ ಕೊಟ್ಟಿದ್ದು?"

ಕಳ್ಳ ಕದ್ದ ಎನ್ನಬಹುದಿತ್ತು. ಇಲಿ ಎಳೆದೊಯ್ದಿತು ಎನ್ನಬಹುದಿತ್ತು. ನನ್ನ ಹತ್ತಿರ ಅಂಥ ಬುರುಡೆ ಸಾವಿರ ಇದ್ದವು.

"ನಾನೇಯ."

"ಥೂ, ಬಾಯ್ಬಡುಕ್ ನನ್ಮಗ್ನೆ" ಎಂದಳು, ಮೆಲ್ಲಗೆ. ಎದ್ದು, ಕತ್ತರಿ ಹಿಡಿದು ಹಲಗೆಯ ಮೇಲೆ ಹತ್ತಿದಳು. ಜನ ಫೋನು ಎತ್ತಿದರು. ಇದೂ ಕಾರ್ಯಕ್ರಮದ್ದೇ ಅಂದುಕೊಂಡರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

"ಬಿಚ್ಚು ಮಗ. ಅದು ನನ್ ಕೂಸಿಂದು. ಸತ್ತೋದ್ಲು ಕಣವ್ವ."

ಹುಡುಗಿ ಜಾಕೆಟ್ಟಿನ ಗುಂಡಿಗೆ ಕೈ ಹಾಕಿದಳು. ಮಾಲವಿಕಾ ಓಡಿ ಬಂದರು.

"ಚೆಲುವಮ್ಮ, ಆಮೇಲೆ ಮಾತಾಡೋಣ. ಆ ಪೀಸ್ ಬುಕ್ ಆಗಿಬಿಟ್ಟಿದೆ. ನಿಮಗೆ ಬೇರೆದು ಕೊಡ್ತೀನಿ."

"ಬ್ಯಾರೇದು ಏನ್ ಕೊಟ್ಟೀಯೆ? ಬ್ಯಾರೆ ಮಗೀನ ಕೊಟ್ಟೀಯಾ?"

ಮಾಲವಿಕಾ ಅವಳ ಭುಜ ಹಿಡಿದರು. ಕಣ್ಣಲ್ಲಿ ನೀರು ತುಂಬಿತ್ತು, ಸುಳ್ಳು ಹೇಳಬಾರದು. "ಎಂಥಾ ಕಥೆ ಇದು" ಎಂದರು. "ನಿಮ್ಮ ಮಗಳ ಹೆಸರು ಏನು? ಜಾಕೆಟ್ ಟ್ಯಾಗ್ ಮೇಲೆ ಹಾಕ್ಲಾ? ಕೊಂಡೋರಿಗೂ ಗೊತ್ತಾಗ್ಲಿ."

ಚೆಲುವಮ್ಮ ಅವರ ಕೈಯನ್ನು ಭುಜದಿಂದ ತೆಗೆದು ಕೆಳಗೆ ಬಿಟ್ಟಳು.

"ಅವಳ ಹೆಸರು ನಿನ್ ಬಾಯಲ್ ಬಂದ್ರೆ ನಾಲ್ಗೆ ಕುಯ್ದುಬುಡ್ತೀನಿ."

ವಿಶ್ರುತ್ ಮುಂದೆ ಬಂದ. ಕತ್ತರಿ ಅವನ ಕಡೆ ತಿರುಗಿತು. "ಬಾರ್ಲಾ, ಬೋಳಿಮಗನೆ. ನಾನು ಗಬ್ಬು ಅಲ್ವಾ, ಬಂದ್ ಮುಟ್ಟು." ಅವನು ನಿಂತ.

ಅಷ್ಟರಲ್ಲಿ ಆ ಹುಡುಗಿ ಸದ್ದಿಲ್ಲದೆ ಜಾಕೆಟ್ ಬಿಚ್ಚಿ ಎರಡೂ ಕೈಯಲ್ಲಿ ನೀಡಿದಳು. "ಸಾರಿ ಆಂಟಿ" ಎಂದಳು.

ಚೆಲುವಮ್ಮ ಹಲಗೆಯ ನಡುವೆಯೇ ಕೂತು ಹೊಲಿಗೆ ಬಿಚ್ಚತೊಡಗಿದಳು. ಒಂದೊಂದೇ. ಬಟ್ಟೆಗೆ ನೋವಾಗದ ಹಾಗೆ. ಬೆನ್ನು ಸಿಕ್ಕಿತು. ಎದೆಯ ಎರಡು ಹೋಳು, ಎಡತೋಳು ಸಿಕ್ಕಿದವು. ಬೇರೆಯವರ ಚೂರುಗಳನ್ನು ಮಡಿಸಿ ಪಕ್ಕಕ್ಕಿಟ್ಟಳು. ಬಲತೋಳು ಇರಲಿಲ್ಲ.

"ಇನ್ನೊಂದ್ ತೋಳೆಲ್ಲಿ?"

ಮಾಲವಿಕಾ ವಿಶ್ರುತ್‌ನನ್ನು ನೋಡಿದರು. ಅವನು ಫೋನಿನಲ್ಲಿ ಏನೋ ಹುಡುಕಿದ.

"ಅದು ಬೇರೆ ಪೀಸ್‌ಗೆ ಹೋಗಿರುತ್ತೆ. ಆ ಲಾಟ್ ಹೋದ ವಾರವೇ ಫಾರಿನ್‌ಗೆ ಹೋಯ್ತು."

"ತರ್ಸು."

"ಅದು ಹಾಗೆಲ್ಲ ಆಗಲ್ಲಮ್ಮ."

"ಬಟ್ಟೆ ಸುತ್ತುತ್ತಾ ಇರ್ತದೆ ಅಂತ ಇವ್ನಿಗೆ ಅಂದಿದ್ರಂತಲ್ಲ. ಸುತ್ಕಂಡ್ ಬರ್ಲಿ. ಅಲ್ಲೀಗಂಟ ನಾನ್ ಏಳಾಕಿಲ್ಲ."

ಜನ ಒಬ್ಬೊಬ್ಬರೇ ಕುರ್ಚಿ ಬಿಟ್ಟೆದ್ದರು. ವಿಶ್ರುತ್ ಪೊಲೀಸರಿಗೆ ಫೋನು ಹಚ್ಚಿ ಗೇಟಿನ ಕಡೆ ನಡೆದ. ಚೆಲುವಮ್ಮ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿದಳು. ಎದೆ ಇದ್ದಲ್ಲಿ ಎದೆ, ಎಡತೋಳು ಇದ್ದಲ್ಲಿ ಎಡತೋಳು, ಸುಕ್ಕನ್ನು ಅಂಗೈಯಿಂದ ತೀಡಿ. ಮಲಗಿದ ಹುಡುಗಿಯಷ್ಟೇ ಆಯಿತು. ಬಲಗಡೆ ಬರೀ ಹಲಗೆ.

ನಾನು ಮೆಟ್ಟು ಬಿಟ್ಟು ಮೇಲೆ ಹತ್ತಿ, ತೋಳಿಲ್ಲದ ಕಡೆ ಹೋಗಿ ಕೂತೆ.