ಒಲಿಯೋ, ಓಲಿಯೋ

ಎಲೆ ಕತ್ತರಿಸುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನೆನೆಸಿಟ್ಟ ಬೀಡಿ ಎಲೆಯನ್ನು ಗೋಣಿತಟ್ಟಿನಿಂದ ಬಿಡಿಸಿ, ನೀರು ಜಾಡಿಸಿ, ಮೇಲೆ ತಗಡಿನ ಅಚ್ಚು ಇಟ್ಟು ಸುತ್ತಲೂ ಕತ್ತರಿ ಆಡಿಸಬೇಕು. ಅಂದು ಬೆಳಿಗ್ಗೆಯೂ ನಾನು ಮತ್ತು ದೊಡ್ಡವ್ವ ಎದುರುಬದುರು ಕುಳಿತು ಕತ್ತರಿಸುತ್ತಿದ್ದೆವು. ಬಿದ್ದ ಚೂರುಗಳನ್ನು ನಾನು ಆಗಾಗ ಒಂದು ಕಡೆಗೆ ಸರಿಸುತ್ತಿದ್ದೆ. ಅವಳು ಸರಿಸುವುದಿಲ್ಲ. ಅವಳ ಚೂರುಗಳು ಅವಳ ಕಾಲಿನ ಸುತ್ತ ಬಿದ್ದಲ್ಲೇ ಬಿದ್ದಿರುತ್ತವೆ.

ದೊಡ್ಡವ್ವ ಎಂದರೆ ಕಾಶಿಬಾಯಿ, ನನ್ನ ಅವ್ವನ ಅಕ್ಕ. ಅಕ್ಕತಂಗಿ ಇಬ್ಬರೂ ಹಿಂದೆ ಒಂದೇ ನಾಟಕ ಕಂಪನಿಯಲ್ಲಿದ್ದರು. ಅವ್ವ ಮುಂದೆ ನಿಂತು ಹಾಡುವಾಕೆ, ದೊಡ್ಡವ್ವ ಹಿಂದೆ ಸಾಲು ಎತ್ತಿ ಹಾಡುವ ಮ್ಯಾಳದಲ್ಲಿ. ನನಗೆ ನಾಲ್ಕು ವರ್ಷವಿದ್ದಾಗ ದೊಡ್ಡವ್ವ ಕಂಪನಿ ಬಿಟ್ಟು ನನ್ನನ್ನು ಕರೆದುಕೊಂಡು ನಿಪ್ಪಾಣಿಯ ಈ ಎರಡು ಖೋಲಿಯ ಮನೆಗೆ ಬಂದಳು. ಅವ್ವ ಕಂಪನಿಯ ಜೊತೆ ಹೊಳೆಯಾಚೆ ಹೋದಳು. ಮೂರು ವರ್ಷದ ಮೇಲೆ ಅವಳು ಜ್ವರ ಬಂದು ತೀರಿಕೊಂಡ ಸುದ್ದಿ ಬಂತು, ಅದರ ಹಿಂದೆಯೇ ಅವಳ ಟ್ರಂಕು ಬಂತು. ಟ್ರಂಕಿನಲ್ಲಿ ಎರಡು ಸೀರೆ, ಒಂದು ಹಾಡಿನ ವಹಿ. ಸೀರೆ ದೊಡ್ಡವ್ವ ಉಟ್ಟು ಹರಿದಳು. ವಹಿ ನನ್ನ ಬಳಿ ಉಳಿಯಿತು, ಯಾಕೆಂದರೆ ದೊಡ್ಡವ್ವನಿಗೆ ಓದಲು ಬರುವುದಿಲ್ಲ.

ಹತ್ತು ಗಂಟೆಗೆ ನೆರೆಮನೆಯ ಕಸ್ತೂರೆವ್ವ ತನ್ನ ಮೊರ ಮತ್ತು ಫೋನು ಹಿಡಿದು ಬಂದಳು. ದಿನಾಲೂ ಬರುತ್ತಾಳೆ. ಬೀಡಿ ಸುತ್ತುವಾಗ ಅವಳಿಗೆ ನಾಟಕದ ಪದ ಬೇಕು. ಪದಕ್ಕಿಂತ ಹೆಚ್ಚಾಗಿ ಪದದ ಮೇಲೆ ಜಗಳ ಬೇಕು.

"ಕೇಳ ಇಲ್ಲಿ," ಎಂದಳು, ಹಾರ್ಮೋನಿಯಂ ಪೇಟಿಯ ಜೊತೆಗಿನ ಒಂದು ಪದ ಹಚ್ಚಿದ ಫೋನನ್ನು ಗೂಡಿನಲ್ಲಿಡುತ್ತ. "ಗಂಡ ಸತ್ತ ಸುದ್ದಿ ಬಂದೈತಿ, ಈಕಿ ನಿಂತ ರಾಗ ಎಳ್ಯಾಕತ್ತಾಳ! ನನ್ನ ಗಂಡ ಸತ್ತಾಗ ನನಗ ಉಸರ ಹೊರಗ ಬರಲಿಲ್ಲ."

"ನಿನಗ ಪೇಟಿ ಬಾರಸವ್ರು ಯಾರಿದ್ರು?" ಎಂದಳು ದೊಡ್ಡವ್ವ.

ಕಸ್ತೂರೆವ್ವ ನಕ್ಕು ಕೆಮ್ಮಿದಳು. "ಅದೂ ಖರೆ. ಬಾಯಿಂದ ಹೇಳಾಕ ಬರಲಾರದ್ದು ಬಂದಾಗ ಪದ ಹಾಡ್ತಾರ. ಆದ್ರ ಒಂದ ನೋಡ ದೀಪಾಲಿ, ಪದದಾಗ ಬಂದ ಸಾಮಾನ ಆಟದಾಗ ಉಪಯೋಗಕ್ಕ ಬರಬೇಕು. ಕೊಡಪಾನದ ಪದ ಹಾಡಿದ್ಲಂದ್ರ ಮುಂದ ಕೊಡಪಾನ ಒಡೀತೈತಿ ಅಂತ ತಿಳಕೊ."

ಅಂದು ಸಂದೇಶ ಮಾಸ್ತರು ಬರುವವರಿದ್ದರು. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಮುಚ್ಚಿಹೋದ ಕಂಪನಿಗಳ ಪದಗಳನ್ನು ಕೂಡಿಸಿ ಪುಸ್ತಕ ಮಾಡುತ್ತಿದ್ದಾರೆ. ಕಸ್ತೂರೆವ್ವನೇ ಅವರಿಗೆ ವಹಿಯ ಸುದ್ದಿ ಮುಟ್ಟಿಸಿದ್ದಳು. ಅವರು ಬಂದು ಚಾಪೆಯ ಮೇಲೆ ಕುಳಿತರು. ನಾನು ವಹಿ ಕೊಟ್ಟು ಮತ್ತೆ ಮೊರದ ಮುಂದೆ ಕುಳಿತೆ.

"ಕನ್ನಡ ಪದ, ಮರಾಠಿ ಅಕ್ಷರ," ಎಂದರು ಮಾಸ್ತರು.

ಅವ್ವ ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನೂ ಅಲ್ಲೇ ಏಳನೆಯವರೆಗೆ ಹೋದೆ. ಕನ್ನಡ ಓದಲು ಆಮೇಲೆ ಬಸ್ಸಿನ ಬೋರ್ಡು ನೋಡಿ ಕಲಿತೆ. ಕನ್ನಡದ ಪದವನ್ನು ಮರಾಠಿ ಅಕ್ಷರದಲ್ಲಿ ಬರೆದರೆ ಒಂದು ತೊಡಕಿದೆ. ನಮಗೆ ಗಿಡ್ಡ ಒ ಬೇರೆ, ಉದ್ದ ಓ ಬೇರೆ. ಅವರಿಗೆ ಎರಡಕ್ಕೂ ಒಂದೇ ಅಕ್ಷರ. ಓದುವವನೇ ಎಳೆಯಬೇಕೋ ಬಿಡಬೇಕೋ ತಿಳಿದುಕೊಳ್ಳಬೇಕು.

ಮಾಸ್ತರು ಗೋದವ್ವನ ಆಟದ ಕೊನೆಯ ಪದದ ಬಳಿ ನಿಂತರು. ಗೋದವ್ವನ ಗಂಡ ಹೊಳೆ ದಾಟಿ ಹೋಗಿ ಅಲ್ಲೇ ಬೇರೊಬ್ಬಳ ಜೊತೆ ಉಳಿದಿದ್ದಾನೆ. ಅವಳು ಅವನಿಗೆ ಬರೆದ ಓಲೆಯನ್ನು ಕೈಯಲ್ಲಿ ಹಿಡಿದು, ಉರಿಯುವ ಒಲೆಯ ಮುಂದೆ ಕುಳಿತು ಹಾಡುತ್ತಾಳೆ. ಮಾಸ್ತರು ಓದಿದರು:

"ಒಲಿಯಾಗ ಐತೆವ್ವ ರಾಯನ ಹೆಸರ,
ಊದಿದರ ಹೊಗಿಯಿಲ್ಲ, ಓದಿದರ ದನಿಯಿಲ್ಲ."

"ಒಲಿ ಯಾಕ? ಓಲಿ ಇರಬೇಕ," ಎಂದಳು ಕಸ್ತೂರೆವ್ವ.

"ಒಲಿನ ರೀ ಆಯಿ. ಗಂಡನ ಹೆಸರ ಒಲಿಯಾಗ ಹಾಕಿ ಸುಟ್ಟಾಳ. ಇದು ಸಿಟ್ಟಿನ ಪದ. ಓಲಿ ಅಂದ್ರ ಬರೇ ಅಳೂ ಪದ ಆಗತೈತಿ."

"ಮತ್ತ 'ಓದಿದರ' ಅಂತ ಯಾಕ ಬಂತು? ಒಲಿ ಯಾರ ಓದತಾರ?"

"'ಊದಿದರ' ಅಂತನೂ ಬಂದೈತಲ್ರಿ. ಓಲಿ ಯಾರ ಊದತಾರ?"

"ಹಾಳಾದವನ, ಬುದ್ಧಿವಂತ ಅದಿ," ಎಂದಳು ಕಸ್ತೂರೆವ್ವ ಖುಷಿಯಿಂದ.

ಮಾಸ್ತರು ವಹಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಇಲ್ಲೊಂದ ಮಜಾ ಐತಿ. 'ರಾಯನ' ಅನ್ನೂದನ್ನ ಹೊಡದು ಮ್ಯಾಲ 'ದೀಪಿಯ' ಅಂತ ಬರದಾರ. ದೀಪಿ ಅಂದ್ರ ದೀಪ. ಒಲಿಯೊಳಗ ದೀಪದ ಹೆಸರ! ದೊಡ್ಡ ಬೆಂಕಿ ಸಣ್ಣ ಬೆಂಕೀನ್ನ ನುಂಗೇತಿ ಅಂತ ಅರ್ಥ. ಇದರ ಮ್ಯಾಲ ಎರಡ ಪುಟ ಬರೀಬಹುದು."

ನನ್ನ ಕೈಯೊಳಗಿನ ದಾರ ತುಂಡಾಯಿತು. ರೇಷನ್ ಕಾರ್ಡಿನಲ್ಲಿ ನಾನು ದೀಪಾಲಿ. ಓಣಿಯಲ್ಲಿ ದೀಪಾಲಿ, ದೊಡ್ಡವ್ವನಿಗೂ ದೀಪಾಲಿ. ದೀಪಿ ಎಂದು ಕರೆಯುತ್ತಿದ್ದವಳು ಒಬ್ಬಳೇ. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೇನೆ. ಒಂದು ದಿನ ಒಲಿ ಎಂದು ಓದುತ್ತೇನೆ, ನನ್ನ ಹೆಸರು ಸುಟ್ಟುಹೋಗುತ್ತದೆ. ಇನ್ನೊಂದು ದಿನ ಓಲಿ ಎಂದು ಓದುತ್ತೇನೆ, ಆಗ ಅವ್ವ ನನ್ನ ಹೆಸರು ಬರೆದಿಟ್ಟುಕೊಂಡು ಎಲ್ಲೋ ಕುಳಿತಿದ್ದಾಳೆ. ಇದನ್ನು ಮಾಸ್ತರರಿಗೆ ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಹೊಸ ದಾರ ತೆಗೆದುಕೊಂಡೆ.

"ಮೌಶಿ," ಎಂದು ಅವರು ದೊಡ್ಡವ್ವನ ಕಡೆ ತಿರುಗಿದರು. "ನೀವ ಮ್ಯಾಳದಾಗ ಇದ್ರಂತಲ್ಲ. ಮುಂದಿನಾಕಿ ಹಾಡಿದ ಸಾಲ ಹಿಂದಿನಾಕಿ ಎತ್ತಿಕೊಂಡು ತಿರುಗಿ ಹಾಡಬೇಕು. ನೀವ ಏನಂತ ಎತ್ತಿಕೊಳ್ತಿದ್ರಿ? ಒಲಿನೋ, ಓಲಿನೋ?"

ದೊಡ್ಡವ್ವನ ಬೆರಳುಗಳು ಅರ್ಧ ಸುತ್ತಿದ ಬೀಡಿಯ ಮೇಲೆ ನಿಂತವು. ಅವಳ ಬೆರಳು ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ನೆನಪಿಲ್ಲ," ಎಂದಳು. ಆಮೇಲೆ, ಯಾರೂ ಏನೂ ಕೇಳದಿದ್ದರೂ, "ಓಲಿ ಗೀಲಿ ಯಾವುದೂ ಬಂದಿಲ್ಲ," ಎಂದಳು.

"ಹಂಗಾರ ಪದದಾಗ ಓಲಿ ಇಲ್ಲ. ಒಲಿ ಅಂತನ ಬರಕೋತೀನ್ರಿ," ಎಂದು ಮಾಸ್ತರು ಬರೆದುಕೊಂಡರು. ಸೋಮವಾರ ಎಲ್ಲವೂ ಅಚ್ಚಿಗೆ ಹೋಗುತ್ತದೆಂದೂ, ಅಷ್ಟರಲ್ಲಿ ಯಾರಿಗಾದರೂ ನೆನಪಾದರೆ ತಿಳಿಸಬೇಕೆಂದೂ ಹೇಳಿ ನನ್ನ ಫೋನಿಗೆ ತಮ್ಮ ನಂಬರು ಕೊಟ್ಟರು. ಪುಟಗಳ ಫೋಟೋ ತೆಗೆದುಕೊಂಡು ವಹಿ ತಿರುಗಿ ಕೊಟ್ಟು ಹೋದರು.

ನಾನು ದೊಡ್ಡವ್ವನ ಮಾತನ್ನೇ ನೆನೆಯುತ್ತಿದ್ದೆ. ಪದದಲ್ಲಿ ಇಲ್ಲದ್ದಕ್ಕೆ ಬರುವುದಿಲ್ಲ ಎನ್ನುತ್ತಾರೆ. ಬಂದಿಲ್ಲ ಎನ್ನುವುದು ಟಪಾಲಿಗೆ.

ಕಸ್ತೂರೆವ್ವ ಎದ್ದು ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದಳು. "ನಿನ್ನ ದೊಡ್ಡವ್ವ ಹೇಳೂದಿಲ್ಲ ಬಿಡ. ಅಂಕಲಿಯಾಗ ರಾವಸಾಹೇಬ ಅಂತ ಕಂಪನಿಯ ಪೇಟಿ ಮಾಸ್ತರ ಅದಾನ. ಕೇಳ ಹೋಗ. ಬಾಯಿ ಅನ್ನೂದು ಒಂದ ಕೊಟ್ಟಾನ ದೇವರ, ಊಟಕ್ಕಷ್ಟ ಅಲ್ಲ."

ಭಾನುವಾರ ಬೆಳಿಗ್ಗೆ ಕಸ್ತೂರೆವ್ವನ ಮಗಳ ಮನೆಗೆ ಹೋಗುತ್ತೇನೆಂದು ಹೇಳಿ ಚಿಕ್ಕೋಡಿ ಬಸ್ಸು ಹತ್ತಿದೆ. ಅಲ್ಲಿಂದ ಅಂಕಲಿಗೆ ಇನ್ನೊಂದು ಬಸ್ಸು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಧಾನವಾಗಿ ಹೋಯಿತು. ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಪಕ್ಕದಲ್ಲಿ ಕುಳಿತ ಹೆಂಗಸು ಎರಡು ಸಲ ನನ್ನ ತುಟಿ ನೋಡಿದಳು.

ರಾವಸಾಹೇಬರು ಸೊಸೆಯ ಹಿಟ್ಟಿನ ಗಿರಣಿಯಲ್ಲಿ ಕುಳಿತಿದ್ದರು. ಹುಬ್ಬಿನ ಮೇಲೆಲ್ಲ ಹಿಟ್ಟು. ಗಿರಣಿಯ ಸಪ್ಪಳದಲ್ಲಿ ನಾನು ಮೂರು ಸಲ ಹೇಳಿದ ಮೇಲೆ ಅವರಿಗೆ ಕೇಳಿಸಿತು.

"ಯಾರ ಮಗಳ?"

"ಶಾಲನಬಾಯಿ ಮಗಳ್ರಿ. ಗೋದವ್ವನ ಪಾರ್ಟು ಮಾಡ್ತಿದ್ಲಲ್ರಿ."

ಅವರು ಎದ್ದು ತಾವೇ ಗಿರಣಿ ನಿಲ್ಲಿಸಿದರು. ಡಬ್ಬಿ ಹಿಡಿದು ಸಾಲಿನಲ್ಲಿದ್ದ ಹೆಂಗಸು ಕೂಗಿದಳು. "ಅಜ್ಜಾ, ಯಾಕ ನಿಲ್ಲಿಸಿದಿ? ನೀ ಪೇಟಿ ಬಾರಸಿದ್ರ ನನ್ನ ಜ್ವಾಳ ಬೀಸತೈತೇನು?"

"ಬೀಸತೈತಿ. ಸುಮ್ಮ ಕುಂದರ ಬೇ, ನಿನ್ನ ರೊಟ್ಟಿ ಎಲ್ಲಿ ಓಡಿ ಹೋಗೂದಿಲ್ಲ."

ಒಳಗಿನಿಂದ ಪೇಟಿ ತಂದು ಅದರ ಮೇಲಿನ ಬಟ್ಟೆ ಸರಿಸಿದರು. ನಾನು ವಹಿ ತೆರೆದು ಸಾಲು ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ಬಾರಿಸಿದರು. ಮೊದಲನೆಯ ಸ್ವರ ಬಹಳ ಹೊತ್ತು ನಿಂತಿತು.

"ಉದ್ದ ಐತ್ರಿ. ಹಂಗಾರ ಓಲಿ ಏನ್ರಿ?"

"ಪೇಟಿಗಿ ಅಕ್ಷರ ಬರೂದಿಲ್ಲವ್ವಾ, ಅದಕ್ಕ ಸ್ವರ ಅಷ್ಟ ಗೊತ್ತ. ಅಲ್ಲಿ ನಾಕ ಮಾತ್ರಿ ಜಾಗಾ ಐತಿ. ಅಷ್ಟೂ ತುಂಬ ಎಳದರ ಓಲಿ. ಗಪ್ಪನ ಕತ್ತರಿಸಿ, ಉಳದದ್ದಕ್ಕ ಸುಮ್ಮ ನಿಂತರ ಒಲಿ. ನಿನ್ನ ಅವ್ವ ಎರಡೂ ಮಾಡಾಕಿ."

"ಎರಡೂ?"

"ಸಿಟ್ಟ ಬಂದ ದಿನ ಕತ್ತರಸತಿದ್ಲು. ನಾ ಇಲ್ಲಿ ಪೇಟಿಯ ಭಾತಾ ಒತ್ತಿ ಗಾಳಿ ತುಂಬಕೋತ ಕಾಯತಿದ್ದೆ, ಈಕಿ ಇವತ್ತ ಮುಂದಿನ ಸಾಲಿಗೆ ಬರತಾಳೋ ಇಲ್ಲೋ ಅಂತ. ಮಂದಿ ಉಸರ ಬಿಡತಿರಲಿಲ್ಲ."

ನಾನು ಹೊಡೆದು ಬರೆದ ಹೆಸರಿನ ಮೇಲೆ ಬೆರಳಿಟ್ಟು, ಇದನ್ನು ಯಾವಾಗ ಹಾಡಿದಳು ಎಂದು ಕೇಳಿದೆ. ಈಗ ಅವರು ಕನ್ನಡಕ ಹಾಕಿಕೊಂಡು ನೋಡಿದರು. ದೀಪಿ, ಎಂದು ಓದಿದರು. ನಂತರ ನನ್ನನ್ನು ನೋಡಿದರು.

"ಒಂದ ಸಲ ಹಾಡಿದ್ಲಂತ. ರಾಯಬಾಗದ ಆಟದಾಗ. ಅವತ್ತ ನಾ ಇರಲಿಲ್ಲ, ನಮ್ಮಪ್ಪ ತೀರಿದ್ರು. ಮರುದಿನ ಕಾಶಿ ನಿನ್ನ ಬಗಲಾಗ ಎತ್ತಿಕೊಂಡು ಕಂಪನಿ ಬಿಟ್ಟ ಹೋದ್ಲಂತ. ಅಕ್ಕತಂಗಿ ಯಾಕ ಮಾತ ಬಿಟ್ರೋ ನನಗ ಗೊತ್ತಿಲ್ಲ. ಅವತ್ತ ಮ್ಯಾಳದಾಗ ಕಾಶಿ ಒಬ್ಬಾಕೀನ ಇದ್ಲಂತ. ಆಕೀನ ಆ ಸಾಲ ಎತ್ತಿಕೊಂಡಿರಬೇಕಲ್ಲ. ಆಕೀನ ಕೇಳ."

ಪೇಟಿಯ ಮೇಲೆ ಬಟ್ಟೆ ಹಾಕುತ್ತ ಅವರು ಇನ್ನೊಂದು ಮಾತು ಹೇಳಿದರು. "ಆಮ್ಯಾಲ ಶಾಲನ ಪತ್ರ ಬರಕೋತ ಕುಂದರತಿದ್ಲು. ನಿಪ್ಪಾಣಿಗಿ. ಎರಡ ಸಲ ನಾನ ಡಬ್ಬಿಗಿ ಹಾಕೇನಿ. ಮುಟ್ಟಿದ್ವೋ ಇಲ್ಲೋ?"

ನಾನು ವಹಿ ಮುಚ್ಚಿ ಎದ್ದೆ. ಡಬ್ಬಿಯ ಹೆಂಗಸು ತಾನೇ ಹೋಗಿ ಗಿರಣಿಯ ಗುಂಡಿ ಒತ್ತಿದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ದೊಡ್ಡವ್ವ ಬಾಗಿಲಲ್ಲಿ ಕುಳಿತು ಮರುದಿನದ ಎಲೆ ಕತ್ತರಿಸುತ್ತಿದ್ದಳು. ನಾನು ಕೈಕಾಲು ತೊಳೆದು ಎದುರಿಗೆ ಕುಳಿತು ನನ್ನ ಕತ್ತರಿ ತೆಗೆದುಕೊಂಡೆ. ಅವಳ ಹಿಂದೆ ಮೂಲೆಯಲ್ಲಿ ನಮ್ಮ ಮಣ್ಣಿನ ಒಲೆ ಇದೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಅದನ್ನೇ ಹಚ್ಚುತ್ತೇವೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅದರಲ್ಲಿ ಕೆಲವು ದಿನ ಹಗುರವಾದ, ಕಪ್ಪು ಹಾಳೆಯಂಥ ಬೂದಿ ಇರುತ್ತಿತ್ತು. ಹಳೆಯ ಪೇಪರಿನದು ಎಂದುಕೊಂಡಿದ್ದೆ. ನಮ್ಮ ಮನೆಗೆ ಆಗ ಪೇಪರು ಬರುತ್ತಿರಲಿಲ್ಲ.

ಫೋನು ನಡುಗಿತು. ಸಂದೇಶ ಮಾಸ್ತರು. ನಾಳೆ ಕೊಡುತ್ತಿದ್ದೇನೆ, ಒಲಿ ಎಂದೇ ಇಡಲೇ, ಎಂದು ಕೇಳಿದ್ದರು. ನಾನು ಫೋನನ್ನು ಬೋರಲು ಹಾಕಿದೆ.

"ಅಂಕಲಿಗೆ ಹೋಗಿದ್ದೆ," ಎಂದೆ.

ದೊಡ್ಡವ್ವ ಅಚ್ಚು ಸರಿಸಿ ಇನ್ನೊಂದು ಎಲೆ ತೆಗೆದುಕೊಂಡಳು.

"ಪತ್ರ ಹಾಕೇನಿ ಅಂದ್ರು ಪೇಟಿ ಮಾಸ್ತರು."

ಅವಳ ಕತ್ತರಿ ಅಚ್ಚಿನ ಅಂಚು ಬಿಟ್ಟು ಎಲೆಯ ನಡುವೆ ಹೋಯಿತು. ಕೆಟ್ಟ ಎಲೆಯನ್ನು ಅವಳು ಬಿಸಾಡಲಿಲ್ಲ, ಮಡಿಲಲ್ಲಿಟ್ಟುಕೊಂಡಳು. ಹೊಸದೊಂದನ್ನು ಎತ್ತಿಕೊಂಡಳು. ಪತ್ರದ ಮಾತನ್ನು ಮುಂದುವರಿಸುವ ಧೈರ್ಯ ನನಗೆ ಆಗಲಿಲ್ಲ. ಹೋದದ್ದು ಹೋಯಿತು, ಅದರಲ್ಲಿ ಏನಿತ್ತೆಂದು ಅವಳಿಗೂ ಗೊತ್ತಿರಲಾರದು. ಆದರೆ ರಾಯಬಾಗದ ಆ ಸಾಲು ಅವಳ ಕಿವಿಯಲ್ಲಿದೆ. ಅವಳ ಬಾಯಲ್ಲೂ ಬಂದಿದೆ. ಅದನ್ನು ಸುಡಲು ಬರುವುದಿಲ್ಲ.

ನಾನು ವಹಿ ತೆರೆದು ಅವಳ ಕಾಲಿನ ಸುತ್ತ ಬಿದ್ದ ಚೂರುಗಳ ಮೇಲೆ ಇಟ್ಟೆ. ಅವಳು ತನಗೆ ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಕತ್ತರಿಯ ಸಪ್ಪಳ ನಿಂತಿತು. ಅವಳು ಸಾಲನ್ನು ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಮತ್ತೆ ಕತ್ತರಿ ಶುರುವಾಯಿತು.

"ದೊಡ್ಡವ್ವಾ," ಎಂದೆ. "ಆ ಒಂದ ಸಾಲ ಹಾಡ. ಅವತ್ತ ಅವ್ವ ಹಾಡಿದಂಗ."