ಹಂಡೆಯ ಮುಂದೆ ಕುಳಿತವನು

ಮುಸಲ್ಮಾನನಾಗಿ ತಿಂಗಳುಗಳಾದರೂ ರೇವಂತನಿಗೆ ಬೆಳಗಿನ ನಮಾಜು ಒಗ್ಗಿರಲಿಲ್ಲ. ಮತ ಬದಲಿಸುವಾಗ ಇಡೀ ಕುಂದೂರನ್ನು ಎದುರು ಹಾಕಿಕೊಂಡ ಶೂರ, ಈಗ ದಿನಾ ಕತ್ತಲಲ್ಲೇ ಎದ್ದು ಬಚ್ಚಲ ಹಂಡೆಯ ಕೆಳಗೆ ಹಸಿ ಸೌದೆ ತುರುಕಿ, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದ. ನೀರು ಬಿಸಿಯಾಗುವಷ್ಟರಲ್ಲಿ ಸೂರ್ಯ ಹುಟ್ಟಿ, ನಮಾಜಿನ ಹೊತ್ತು ಮೀರಿರುತ್ತಿತ್ತು. ಮೀಯದೆ ದೇವರ ಮುಂದೆ ನಿಲ್ಲುವುದೆಂದರೆ ಅವನಿಗೆ ಮೈಯೆಲ್ಲ ಮುಜುಗರ.

ಆ ಮನೆಯ ರೂಢಿಯೇ ಹಾಗೆ. ತಾಯಿ ಗುರುಶಾಂತಮ್ಮ ಮಿಂದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಕಾಫಿಯನ್ನೂ ಮುಟ್ಟಿದವಳಲ್ಲ. ಮಗ ಮಸಿ ಮುಖ ಹೊತ್ತು ಹೊರಬಂದರೆ ಅವಳ ಬಾಯಿಗೆ ಬಿಡುವಿಲ್ಲ.

"ಇವತ್ತೂ ತಪ್ಪೋಯ್ತಾ? ಐದ್ ಸಲ ಅಂತೆ, ಐದ್ ಸಲ! ಒಂದ್ ಸಲ ಲಿಂಗ ಹಿಡಿಯಾಕೆ ಮೈಗಳ್ಳ ಆಗಿದ್ದೋನು. ದೇವ್ರು ಬದ್ಲಾದ್ರೆ ಮೈಗಳ್ಳತನ ಹೋಗ್ಬುಡ್ತದಾ?"

ಅವಳು ಬೈಯುವ ಮೊದಲೇ ಅವನು ತನ್ನನ್ನು ಇದಕ್ಕಿಂತ ಕೆಟ್ಟದಾಗಿ ಬೈದುಕೊಂಡು ಮುಗಿಸಿರುತ್ತಿದ್ದ. ಟೋಪಿ ಬಂತು, ಚಾಪೆ ಬಂತು, ಮೊಬೈಲಿನಲ್ಲಿ ಅಲಾರಂ ಬಂತು. ನಮಾಜೊಂದು ಬರಲಿಲ್ಲ.

ಶುಕ್ರವಾರ ಬಸ್ಸು ಹಿಡಿದು ಸಕಲೇಶಪುರದ ಮಸೀದಿಗೆ ಹೋದವನು ಮೌಲ್ವಿಯ ಮುಂದೆ ಎಲ್ಲವನ್ನೂ ಒಪ್ಪಿಸಿದ.

"ದಿನಾ ಸ್ನಾನ ಮಾಡ್ಬೇಕಂತ ಯಾರು ಹೇಳಿದ್ದು ಮಾರಾಯ?" ಮೌಲ್ವಿ ನಕ್ಕುಬಿಟ್ಟರು. "ಕೈಕಾಲು ಮುಖ ತೊಳ್ಯೋ ವುಜೂ ಕಲಿಸಿದ್ನಲ್ಲ?"

"ಅದನ್ನೂ ಮಾಡ್ತೀನಿ. ಸ್ನಾನ ಆದ್ಮೇಲೆ."

"ಮಾಮೂಲಿ ದಿನ ಅಷ್ಟೇ ಸಾಕು ಕಣಪ್ಪಾ. ಹಂಡೆ ಬಿಡು, ಹೊತ್ತು ಹಿಡಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಖುಷಿಯಾಗಲಿಲ್ಲ, ತನ್ನ ಮೇಲೇ ಅಸಹ್ಯವಾಯಿತು. ಸೌದೆ ಹಸಿಯಿದ್ದ ದಿನಗಳಲ್ಲಿ ಒಳಗೊಳಗೇ ಹಾಯೆನಿಸಿರಲಿಲ್ಲವೇ? ನಾಳೆಯಿಂದ ಆ ನೆಪವೂ ಇಲ್ಲ. ನಾಳೆ ತಪ್ಪಿದರೆ ಅವ್ವ ಹೇಳಿದ್ದೇ ನಿಜ.

ಮರುದಿನ ಅವನು ಒಲೆಯ ಕಡೆ ನೋಡಲಿಲ್ಲ. ಕೊರೆಯುವ ತಣ್ಣೀರಿನಲ್ಲಿ ಕೈ, ಬಾಯಿ, ಮೂಗು, ಮುಖ, ಮೊಣಕೈ ತೊಳೆದ. ಒದ್ದೆ ಕೈಯಲ್ಲಿ ತಲೆ ಸವರಿ, ಪಾದ ತೊಳೆದು, ಪಡುವಣಕ್ಕೆ ಮುಖ ಮಾಡಿ ನಿಂತ. ಮೀಯದ ಮೈ ಉದ್ದಕ್ಕೂ ಚುಚ್ಚುತ್ತಲೇ ಇತ್ತು. ಆದರೂ ಬಾಗಿದ, ಹಣೆ ನೆಲಕ್ಕಿಟ್ಟ, ಬೆಳಕು ಹರಿಯುವ ಮುನ್ನ ಮುಗಿಸಿದ.

ಗುರುಶಾಂತಮ್ಮ ಬಾಗಿಲಲ್ಲಿ ನಿಂತಿದ್ದಳು. "ಮೀಯ್ದೇನೇ ಮಾಡ್ಬುಟ್ಯಾ? ಥೂ!"

"ಹೂಂ ಕಣವ್ವ. ಮಾಡ್ಬುಟ್ಟೆ."

"ನಾಳೆ?"

"ನಾಳೆನೂವೆ."

"ನೋಡಾಣ. ನಿನ್ ಯೋಗ್ಯತೆ ನಂಗೊತ್ತಿಲ್ವಾ?"

ಅವನಿಗೂ ಗೊತ್ತಿತ್ತು. ಅವಳು ಮೀಯಲು ಹೋದ ಮೇಲೆ ಬಕೆಟ್ಟಿನಲ್ಲಿ ನಾಳೆಗೆ ತಣ್ಣೀರು ತುಂಬಿಟ್ಟ.